ಚಿಕ್ಕಂದಿನ ಪೆಟ್ಟು, ತಲೆಯೊಳಗಿನ ಬೈಗುಳ, ಜನರ ಮುಂದಿನ ಭಯ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ. ಸೋಶಿಯಲ್ ಆಂಗ್ಸೈಟಿ, ಅಂದ್ರೆ ಜನರ ಮುಂದೆ ಆಗೋ ವಿಪರೀತ ಭಯ, ಇದ್ರಲ್ಲೇ ವರ್ಷಗಟ್ಟಲೆ ಒದ್ದಾಡಿ, ಥೆರಪಿ ತಗೊಂಡು, ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿರೋನು. ಜನ ಕೇಳೋ ಪ್ರಶ್ನೆಗಳು ಹೆಚ್ಚೂ ಕಡಿಮೆ ಇವೇ ಆಗಿರೋದ್ರಿಂದ ಒಂದೇ ಕಡೆ ಬರ್ದಿಟ್ಟಿದೀನಿ. ಡಯಾಗ್ನೋಸಿಸ್, ಮಾತ್ರೆ ಈ ಎರಡು ವಿಷ್ಯದಲ್ಲಿ ಮಾತ್ರ ನನ್ನ ಮಾತು ಕೇಳ್ಬೇಡಿ, ಡಾಕ್ಟರ್ ಮಾತು ಕೇಳಿ.

ನಾನು ಸುಮ್ನೆ ನಾಚಿಕೆ ಸ್ವಭಾವದೋಳು ಅಷ್ಟೇ ಅಲ್ವಾ? ಇದಕ್ಕೂ ಒಂದು ಕಾಯಿಲೆ ಹೆಸರು ಬೇಕಾ?

ನಾಚಿಕೆ ಇದ್ದೋರಿಗೆಲ್ಲ ಸೋಶಿಯಲ್ ಆಂಗ್ಸೈಟಿ ಇದೆ ಅಂತಲ್ಲ. ಹೊಸಬ್ರು ಬಂದಾಗ ಸ್ವಲ್ಪ ಹೊತ್ತು ಮಾತು ಬರಲ್ಲ, ಒಂದು ಕಾಫಿ ಕುಡಿಯೋ ಹೊತ್ತಿಗೆ ಸರಿ ಹೋಗುತ್ತೆ ಅಂದ್ರೆ ಅದು ಸ್ವಭಾವ, ಬಿಡಿ. ಆದ್ರೆ ಪ್ರೆಸೆಂಟೇಶನ್ ಕೊಡ್ಬೇಕಾಗುತ್ತೆ ಅಂತ ಪ್ರಮೋಷನ್ನೇ ಬೇಡ ಅಂದ್ಬಿಡೋದು, ಸ್ವಂತ ತಂಗಿ ಮದುವೇಲಿ ಛತ್ರದ ಸ್ಟೋರ್ ರೂಮಲ್ಲಿ ತೆಂಗಿನಕಾಯಿ ಎಣಿಸ್ಕೊಂಡು ಕೂತ್ಬಿಡೋದು, ವೈವಾ ಇದೆ ಅಂತ ಹಿಂದಿನ ರಾತ್ರಿಯಿಂದ ಹೊಟ್ಟೆ ಕೆಡೋದು, ಇಂಥದ್ದು 6 ತಿಂಗಳಿಗಿಂತ ಜಾಸ್ತಿ ನಡೀತಿದ್ದು ಓದು, ಕೆಲಸ, ಸಂಬಂಧ ಯಾವುದಕ್ಕಾದ್ರೂ ಅಡ್ಡ ಬರ್ತಿದೆ ಅಂದ್ರೆ ಆಗ ವಿಷ್ಯ ಬೇರೆ. ಆ 6 ತಿಂಗಳ ಲೆಕ್ಕ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಡಿಎಸ್‌ಎಂ-5ದು, 2013ರಲ್ಲಿ ಬಂದಿದ್ದು. ಅದೇ ಕೈಪಿಡಿಯ 1980ರ ಆವೃತ್ತೀಲೇ ಇದು ಸೋಶಿಯಲ್ ಫೋಬಿಯಾ ಅನ್ನೋ ಹೆಸರಲ್ಲಿ ಸೇರಿತ್ತು, ಹಾಗಾಗಿ ಇದೇನು ಇನ್‌ಸ್ಟಾಗ್ರಾಮ್ ಕಾಲದ ಫ್ಯಾಷನ್ ಅಲ್ಲ.

ಚಿಕ್ಕ ವಯಸ್ಸಲ್ಲಿ ಆಗಿದ್ದಕ್ಕೂ ಈಗ ಮೀಟಿಂಗಲ್ಲಿ ನನ್ನ ಬಾಯಿ ಒಣಗೋದಕ್ಕೂ ಏನ್ ಸಂಬಂಧ?

ಒಬ್ಬ ಹುಡುಗ ಅಂದ್ಕೊಳ್ಳಿ, ಮಂಡ್ಯ ಕಡೆ ಹಳ್ಳಿಯೋನು. ಏಳನೇ ಕ್ಲಾಸಲ್ಲಿ ಪಾಠ ಗಟ್ಟಿಯಾಗಿ ಓದು ಅಂತ ಮೇಷ್ಟ್ರು ಎಬ್ಬಿಸ್ತಾರೆ, ಮನೇಲಿ ಎಲ್ರೂ ಹೇಳೋ ಹಾಗೇ ಇವ್ನೂ ಹಾಲು ಅನ್ನೋದನ್ನ ಆಲು ಅಂತ ಓದ್ತಾನೆ. ಮೇಷ್ಟ್ರು ಇನ್ನೊಂದ್ಸಲ ಹೇಳು ಅಂತಾರೆ, ಮತ್ತೆ ಆಲು. ಮೂರನೇ ಸಲಕ್ಕೆ ಇಡೀ ಕ್ಲಾಸು ನಗುತ್ತೆ, ಮೇಷ್ಟ್ರೂ ನಗ್ತಾರೆ, ಕಿವಿ ಬಿಸಿ ಆಗುತ್ತೆ, ಪುಸ್ತಕದ ಅಕ್ಷರ ಎಲ್ಲ ಮಸುಕು ಮಸುಕು. ಅವತ್ತಿಂದ ಹತ್ತನೇ ಕ್ಲಾಸ್ ಮುಗಿಯೋ ತನಕ ಅವನ ಹೆಸರು ಆಲೂಗಡ್ಡೆ. ಮನೆಗೆ ಬಂದು ಹೇಳಿದ್ರೆ ಅಪ್ಪ "ನೆಟ್ಟಗೆ ಓದಕ್ಕಾಗಲ್ವಾ ನಿಂಗೆ, ದಂಡಪಿಂಡ" ಅಂತಾರೆ. ಅಲ್ಲಿಗೆ ಹೇಳ್ಕೊಳ್ಳೋದೂ ನಿಂತೋಯ್ತು.

ಈಗ ಅವ್ನಿಗೆ ಇಪ್ಪತ್ತನಾಲ್ಕು, ಬೆಂಗಳೂರಲ್ಲಿ ಕೆಲಸ, ದಿನಾ ಬೆಳಗ್ಗೆ ಸ್ಟ್ಯಾಂಡಪ್ ಕಾಲ್, ಅಂದ್ರೆ ಟೀಮಲ್ಲಿ ಒಬ್ಬೊಬ್ರೇ ತಮ್ಮ ಕೆಲಸದ ಬಗ್ಗೆ ಹೇಳೋ ಮೀಟಿಂಗ್. ಅವನ ಸರದಿ ಬರೋಕೆ ಇನ್ನೂ ಮೂರು ಜನ ಇರೋವಾಗ್ಲೇ ಎದೆ ಡವಡವ. ಕೇಳಿದ್ರೆ ಏಳನೇ ಕ್ಲಾಸಿನ ಮಾತೇ ಅವ್ನು ಎತ್ತಲ್ಲ, "ನನ್ನ ಇಂಗ್ಲಿಷ್ ಚೆನ್ನಾಗಿಲ್ಲ" ಅಂತಾನೆ ಅಷ್ಟೇ. ಘಟನೆ ಹಿಂದೆ ಉಳೀತು, ಆದ್ರೆ ಅವತ್ತು ಅವ್ನು ಕಲಿತ ಪಾಠ ಉಳ್ಕೊಂಡಿದೆ: ಬಾಯಿ ಬಿಟ್ರೆ ನಗ್ತಾರೆ, ನಕ್ಕಾಗ ನಿನ್ನ ಕಡೆ ಯಾರೂ ನಿಲ್ಲಲ್ಲ. ಆಮೇಲಿನ ಕೆಲಸ ಎಲ್ಲ ಆ ಪಾಠದ್ದೇ. ಇಂಗ್ಲೆಂಡಿನ ಆನ್ ಹ್ಯಾಕ್‌ಮನ್, ಡೇವಿಡ್ ಕ್ಲಾರ್ಕ್ ಮತ್ತಿತರರು 2000ದಲ್ಲಿ ಸೋಶಿಯಲ್ ಫೋಬಿಯಾ ಇದ್ದೋರನ್ನ ಕೂರಿಸಿ ಕೇಳಿದಾಗ, ಭಯ ಆದಾಗ ಅವ್ರ ಕಣ್ಮುಂದೆ ತಮ್ಮದೇ ಒಂದು ಚಿತ್ರ ಪದೇ ಪದೇ ಬರುತ್ತೆ ಅಂತ ಗೊತ್ತಾಯ್ತು, ಕೆಂಪಾದ ಮುಖ, ತೊದಲೋ ಬಾಯಿ, ಹೀಗೆ. ಹೆಚ್ಚಿನೋರಿಗೆ ಆ ಚಿತ್ರದ ಬೇರು ಹೋಗಿ ಸೇರಿದ್ದು ಹಿಂದೆ ಯಾರೋ ಹೀಯಾಳಿಸಿದ್ದು, ಅವಮಾನ ಮಾಡಿದ್ದು, ಇಂಥ ಒಂದು ನೆನಪಿಗೆ. ಅಂದ್ರೆ ಇವತ್ತಿನ ಮೀಟಿಂಗಲ್ಲಿ ಅವ್ರು ನೋಡ್ತಿರೋದು ಇವತ್ತಿನ ತಮ್ಮನ್ನಲ್ಲ.

ಟ್ರಾಮಾ (ಮನಸ್ಸಿಗೆ ಬೀಳೋ ಪೆಟ್ಟು) ಅಂದ್ರೆ ದೊಡ್ಡ ಘಟನೆ ಅಲ್ವಾ? ನಮ್ಮ ಕಾಲದಲ್ಲಿ ಎಲ್ರಿಗೂ ಬೈತಿದ್ರು, ಹೊಡೀತಿದ್ರು, ಎಲ್ರೂ ಚೆನ್ನಾಗೇ ಇದೀವಲ್ಲ?

ಎಲ್ರೂ ಚೆನ್ನಾಗಿದಾರಾ ಅಂತ ಯಾರೂ ಕೇಳಿ ನೋಡಿಲ್ಲ, ಅದೇ ತೊಂದ್ರೆ. ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ಕೇಂದ್ರ ಸರ್ಕಾರ 2007ರಲ್ಲಿ ಒಂದು ವರದಿ ತಂತು, 13 ರಾಜ್ಯದ 12,447 ಮಕ್ಕಳನ್ನ ಮಾತಾಡಿಸಿ. ಅದ್ರಲ್ಲಿ ಹೆಚ್ಚುಕಮ್ಮಿ ಇಬ್ಬರಲ್ಲಿ ಒಬ್ಬರು ಭಾವನಾತ್ಮಕ ದೌರ್ಜನ್ಯ ಅನುಭವಿಸಿದೀವಿ ಅಂದಿದ್ರು. ಶಾಲೆಗೆ ಹೋಗೋ ಮಕ್ಕಳಲ್ಲಿ ಮೂರರಲ್ಲಿ ಎರಡು ಭಾಗದಷ್ಟು ಮಕ್ಕಳಿಗೆ ಶಾಲೇಲೇ ಏಟು ಬಿದ್ದಿತ್ತು. ಆಮೇಲೆ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯೋದನ್ನ ಮಾತ್ರ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಈ ಎರಡನೇದು ಎಷ್ಟು ಮೇಷ್ಟ್ರಿಗೆ ಗೊತ್ತು ಅಂತ ನಂಗೆ ಅನುಮಾನ.

ಸೋಶಿಯಲ್ ಆಂಗ್ಸೈಟಿ ವಿಷ್ಯದಲ್ಲಿ ಒಂದು ವಿಚಿತ್ರ ಇದೆ. ಅದ್ರ ಜೊತೆ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣಿಸ್ಕೊಳ್ಳೋದು ಏಟಿಗಿಂತ ಹೆಚ್ಚಾಗಿ ಮಾತಿನ ಪೆಟ್ಟು ಮತ್ತೆ ಕಡೆಗಣನೆ. ಅಂದ್ರೆ ಹೀಯಾಳಿಸೋದು, ಹಂಗಿಸೋದು, ಮಗು ಅತ್ರೆ ತಿರುಗಿ ನೋಡ್ದೇ ಇರೋದು. ನಂಗೆ ಇದ್ರಲ್ಲಿ ಆಶ್ಚರ್ಯ ಕಾಣಲ್ಲ, ಏಟು ಬಿದ್ದ ಮಗು ಹೊಡೆದೋರಿಗೆ ಹೆದರುತ್ತೆ, ನಾಲ್ಕು ಜನರ ಮುಂದೆ ಮಾನ ಹೋದ ಮಗು ಆ ನಾಲ್ಕು ಜನಕ್ಕೂ ಹೆದರುತ್ತೆ. ನಮ್ಮನೆಗಳಲ್ಲಿ ಇದು ಪ್ರೀತಿ ವೇಷದಲ್ಲೇ ಬರುತ್ತೆ ಬೇರೆ: ನೆಂಟರ ಮುಂದೆ "ಇವ್ನು ಮೂಗ ಕಣೇ, ಬಾಯೇ ಇಲ್ಲ", ಮಾರ್ಕ್ಸ್ ಕಾರ್ಡ್ ಹಿಡ್ಕೊಂಡು "ಪಕ್ಕದ ಮನೆಯೋಳನ್ನ ನೋಡು", ಮಗಳ ಬಣ್ಣದ ಬಗ್ಗೆ ಅತ್ತೆ ಒಂದು ಮಾತು, ಎಲ್ರೂ ಗೊಳ್ಳನೆ ನಗು. ತಮಾಷೆಗೆ ಅಂದಿದ್ದು ಅಂತಾರೆ. ಅಂದೋರಿಗೆ ಮರ್ತೋಗಿರುತ್ತೆ.

ಆನ್‌ಲೈನಲ್ಲಿ ಎಸಿಇ ಟೆಸ್ಟ್ (ಬಾಲ್ಯದ ಕಹಿ ಅನುಭವ ಎಣಿಸೋ ಪ್ರಶ್ನಾವಳಿ) ಮಾಡ್ದೆ, 10ಕ್ಕೆ 1 ಬಂತು. ಹಾಗಾದ್ರೆ ನನ್ನ ಬಾಲ್ಯ ಕಾರಣ ಅಲ್ಲ ತಾನೇ?

ಆ ನಂಬರ್‌ನಿಂದ ಹಾಗೆ ಹೇಳಕ್ಕಾಗಲ್ಲ. ಆ ಪ್ರಶ್ನೆಗಳು ಹುಟ್ಟಿದ್ದು ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ, ಡಾಕ್ಟರ್ ವಿನ್ಸೆಂಟ್ ಫೆಲಿಟ್ಟಿ ಮತ್ತೆ ರಾಬರ್ಟ್ ಆಂಡಾ 17,000ಕ್ಕೂ ಹೆಚ್ಚು ಜನರನ್ನ ಕೇಳಿ ಮಾಡಿದ ಅಧ್ಯಯನದಿಂದ, ಮೊದಲ ವರದಿ 1998ರಲ್ಲಿ ಬಂತು. ಇಡೀ ಸಮುದಾಯದ ಆರೋಗ್ಯ ಅಳೆಯೋಕೆ ಮಾಡಿದ್ದು ಅದು, ನಿಮ್ಮೊಬ್ಬರ ಹಣೆಬರಹ ಓದೋಕಲ್ಲ. ಒಬ್ಬೊಬ್ಬರಿಗೂ ಸ್ಕೋರ್ ಹಚ್ಚಿ ತೀರ್ಮಾನ ಮಾಡ್ಬೇಡಿ ಅಂತ 2020ರಲ್ಲಿ ಸ್ವತಃ ಆಂಡಾ ಅವ್ರೇ ಬರೆದಿದಾರೆ. ಇನ್ನೊಂದು, ಆ 10 ಪ್ರಶ್ನೆಗಳು ಹೆಚ್ಚಾಗಿ ಮನೆ ಒಳಗಿನದ್ದನ್ನೇ ಕೇಳುತ್ತವೆ. ಸ್ಕೂಲಲ್ಲಿ ಹುಡುಗ್ರು ಅಡ್ಡಹೆಸರಿಟ್ಟು ಕಾಡಿದ್ದು, ಟೀಚರ್ ಬೋರ್ಡ್ ಹತ್ರ ನಿಲ್ಲಿಸಿ ಮರ್ಯಾದೆ ತೆಗೆದಿದ್ದು ಅದ್ರಲ್ಲಿ ಇಲ್ಲವೇ ಇಲ್ಲ, ನಮ್ಮ ಕಡೆ ಅರ್ಧ ಕತೆ ಅಲ್ಲೇ ಇರೋದು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಬೇರೆ ದೇಶಗಳಿಗೂ ಹೊಂದೋ ಹಾಗೆ ಮಾಡಿದ ಪ್ರಶ್ನಾವಳೀಲಿ ಬುಲ್ಲಿಯಿಂಗ್ ಸೇರಿಸಿದ್ರು.

ನಂಗೆ ಹಾಗೇನೂ ಆಗಿಲ್ಲ. ಅಪ್ಪ ಅಮ್ಮ ಒಳ್ಳೆಯೋರು. ಆದ್ರೂ ಇದೆಯಲ್ಲ?

ಇರಬಹುದು. ಕೆಲವು ಮಕ್ಕಳು ಹುಟ್ಟಿದಾಗಿಂದ್ಲೇ ಹೊಸ ಮುಖ, ಹೊಸ ಜಾಗ ಕಂಡ್ರೆ ಹಿಂದೆ ಸರಿಯೋ ಪೈಕಿ, ಹಾರ್ವರ್ಡ್‌ನ ಜೆರೋಮ್ ಕೇಗನ್ ಇದನ್ನ ಹಸುಗೂಸುಗಳಿಂದ ಹಿಡಿದು ವರ್ಷಾನುಗಟ್ಟಲೆ ಗಮನಿಸಿ ತೋರಿಸಿದ್ರು. ವಂಶದಲ್ಲೂ ಸ್ವಲ್ಪ ಬರುತ್ತೆ. ಹಾಗೇ ಉಲ್ಟಾನೂ ನಿಜ, ಕೆಟ್ಟ ಬಾಲ್ಯ ಕಂಡೋರೆಲ್ಲ ಹೀಗಾಗಲ್ಲ. ಇಲ್ಲದ ಟ್ರಾಮಾನ ಹುಡುಕ್ಕೊಂಡು ಹೋಗ್ಬೇಡಿ ದಯವಿಟ್ಟು. ಚಿಕಿತ್ಸೆಗೆ ಅದು ಬೇಕಾಗೂ ಇಲ್ಲ.

ನೆಗೆಟಿವ್ ಥಿಂಕಿಂಗ್ ಅಂತ ಎಲ್ರೂ ಅಂತಾರೆ, ಹಾಗಂದ್ರೆ ಏನು ಸ್ವಲ್ಪ ಬಿಡಿಸಿ ಹೇಳಿ?

ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಇದನ್ನ ಪದರ ಪದರವಾಗಿ ಬಿಡಿಸಿದ್ರು. ಮೇಲಿನ ಪದರದಲ್ಲಿ ತಂತಾನೇ ಬರೋ ಯೋಚನೆಗಳು: "ಅವ್ಳು ವಾಚ್ ನೋಡ್ಕೊಂಡ್ಳು, ಬೋರ್ ಆಯ್ತು ಅವ್ಳಿಗೆ", "ಈಗ ತೊದಲ್ತೀನಿ". ಇವು ಎಷ್ಟು ಬೇಗ ಬರ್ತವೆ ಅಂದ್ರೆ ಯೋಚನೆ ಅಂತಾನೇ ಅನ್ಸಲ್ಲ, ಸತ್ಯ ಅನ್ಸುತ್ತೆ. ಅದ್ರ ಕೆಳಗೆ ನಿಯಮಗಳು: "ಒಂದು ತಪ್ಪು ಮಾಡಿದ್ರೂ ಮರ್ಯಾದೆ ಹೋಗುತ್ತೆ", "ಭಯ ಆಗಿರೋದು ಯಾರಿಗೂ ಗೊತ್ತಾಗ್ಬಾರ್ದು". ಎಲ್ಲಕ್ಕಿಂತ ತಳದಲ್ಲಿ ಒಂದು ನಂಬಿಕೆ, ಅದು ಸಾಮಾನ್ಯವಾಗಿ ಒಂದೇ ವಾಕ್ಯ ಇರುತ್ತೆ: "ನಾನು ಕೆಲಸಕ್ಕೆ ಬಾರದೋನು."

ಬಾಲ್ಯ ಬಂದು ಕೂರೋದು ಆ ತಳದಲ್ಲೇ. ನಮ್ಮ ಮಂಡ್ಯ ಹುಡುಗನ ವಿಷ್ಯದಲ್ಲಿ ನೋಡಿ, ಅಪ್ಪ "ದಂಡಪಿಂಡ" ಅಂದಿದ್ದು ಈಗ ಅಪ್ಪನ ಧ್ವನೀಲಿ ಕೇಳಿಸಲ್ಲ, ತನ್ನದೇ ಧ್ವನೀಲಿ ಕೇಳಿಸುತ್ತೆ, ಅದಕ್ಕೇ ಅದನ್ನ ಪ್ರಶ್ನೆ ಮಾಡ್ಬೇಕು ಅಂತಾನೇ ಹೊಳೆಯಲ್ಲ. ಆಮೇಲೆ ಲೆಕ್ಕ ಬೇರೆ ಮೋಸದ್ದು: ಮ್ಯಾನೇಜರ್ "ಗುಡ್ ವರ್ಕ್" ಅಂದ್ರೆ ಸುಮ್ನೆ ಬಾಯಿಮಾತಿಗೆ ಅಂದಿದ್ದು ಅಂತ ತೆಗೆದು ಆಚೆ ಹಾಕ್ತಾನೆ, ಅದೇ ಮ್ಯಾನೇಜರ್ ಒಂದು ಮೆಸೇಜಿಗೆ ಬರೀ "ಓಕೆ" ಅಂತ ಹಾಕಿದ್ರೆ ಅದನ್ನ ಇಡೀ ದಿನ ಎದೆಗೆ ಕಟ್ಕೊಂಡು ಓಡಾಡ್ತಾನೆ.

ಎಲ್ರೂ ನನ್ನೇ ನೋಡ್ತಿದಾರೆ ಅನ್ಸುತ್ತೆ. ನಿಜವಾಗ್ಲೂ ನೋಡ್ತಾರಾ?

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಸೋಶಿಯಲ್ ಆಂಗ್ಸೈಟಿಯಲ್ಲಿ ಕುಂಬಳಕಾಯಿ ಕದಿಯದೇ ಇದ್ರೂ ದಿನವಿಡೀ ಹೆಗಲು ಮುಟ್ಕೊಳ್ತಾನೇ ಇರ್ತೀವಿ. 2000ದಲ್ಲಿ ಕಾರ್ನೆಲ್ ಯೂನಿವರ್ಸಿಟಿಯ ಥಾಮಸ್ ಗಿಲೋವಿಚ್ ತಂಡ ಒಂದು ಮಜಾ ಪ್ರಯೋಗ ಪ್ರಕಟಿಸಿತು. ವಿದ್ಯಾರ್ಥಿಗೆ ಮುಜುಗರ ಆಗೋ ಅಂಥ ಒಬ್ಬ ಹಾಡುಗಾರನ ಮುಖ ಇರೋ ಟೀಶರ್ಟ್ ಹಾಕಿಸಿ ಜನ ಇರೋ ರೂಮಿಗೆ ಕಳಿಸೋದು. ಎಷ್ಟು ಜನ ಗಮನಿಸಿರ್ತಾರೆ ಅಂತ ಕೇಳಿದ್ರೆ ಹಾಕ್ಕೊಂಡೋರು ಸುಮಾರು ಅರ್ಧ ಜನ ಅಂದ್ರು, ನಿಜಕ್ಕೂ ಗಮನಿಸಿದ್ದು ಕಾಲು ಭಾಗ. ಇದು ಯಾವ ಆಂಗ್ಸೈಟಿಯೂ ಇಲ್ಲದ ಸಾಮಾನ್ಯ ಹುಡುಗ್ರ ಕತೆ.

ಭಯ ಜಾಸ್ತಿ ಇದ್ದೋರಿಗೆ ಇನ್ನೊಂದು ಆಗುತ್ತೆ, ಕ್ಲಾರ್ಕ್ ಮತ್ತೆ ಏಡ್ರಿಯನ್ ವೆಲ್ಸ್ 1995ರಲ್ಲೇ ಇದನ್ನ ವಿವರಿಸಿದ್ರು. ಗಮನ ಎಲ್ಲ ಒಳಕ್ಕೆ ತಿರುಗಿಬಿಡುತ್ತೆ. ಎದುರಿನೋರ ಮುಖ ಸರಿಯಾಗಿ ನೋಡೇ ಇರಲ್ಲ, ತನ್ನ ಎದೆಬಡಿತ, ತನ್ನ ಕೈ ನಡುಕ, ತನ್ನ ಧ್ವನಿ ಇದನ್ನೇ ಅಳೀತಾ ಇರ್ತೀವಿ, ಒಳಗೆ ಹೇಗನ್ಸುತ್ತೋ ಹೊರಗೂ ಹಾಗೇ ಕಾಣ್ಸುತ್ತೆ ಅಂತ ತೀರ್ಮಾನ ಮಾಡ್ಕೊಳ್ತೀವಿ. ಒಳಗೆ ಭೂಕಂಪ ಆಗ್ತಿದ್ರೂ ಹೊರಗಿಂದ ನೋಡೋರಿಗೆ ಸ್ವಲ್ಪ ಟೆನ್ಷನ್ನಲ್ಲಿದಾನೆ ಅಷ್ಟೇ ಕಾಣೋದು, ಅದೂ ಗಮನ ಕೊಟ್ಟಿದ್ರೆ. ಥೆರಪೀಲಿ ಇದನ್ನ ವಿಡಿಯೋ ಮಾಡಿ ತೋರಿಸ್ತಾರೆ. ನನ್ನದನ್ನ ನೋಡಿದಾಗ ನಾನು ಕೇಳಿದ ಮೊದಲ ಪ್ರಶ್ನೆ "ಇದು ಎಡಿಟ್ ಮಾಡಿದ್ದಾ?"

ಎಲ್ಲಾದ್ರೂ ಹೋಗಿ ಬಂದ್ಮೇಲೆ ರಾತ್ರಿಯೆಲ್ಲ ಅದೇ ತಲೇಲಿ ಓಡುತ್ತೆ. ಯಾಕೆ?

ಗೃಹಪ್ರವೇಶಕ್ಕೆ ಹೋಗಿ ಬಂದ್ರಿ, ಮಲಗಿದ ಮೇಲೆ ಪೋಸ್ಟ್‌ಮಾರ್ಟಂ ಶುರು, ಅವ್ರು ಹಾಗಂದಾಗ ನಾನು ಯಾಕೆ ಹೀಗಂದೆ, ಅವ್ರು ಮುಖ ಆ ಕಡೆ ತಿರುಗಿಸಿದ್ರಲ್ಲ. ಕಾಯಿಲೆಯನ್ನ ಬದುಕಿಸಿಡೋದ್ರಲ್ಲಿ ಇದೂ ಒಂದು ಮುಖ್ಯ ಭಾಗ. ಒಂದು ಗಂಟೆ ಫಂಕ್ಷನ್ ಪರವಾಗಿಲ್ಲ ಅನ್ನೋ ಹಾಗೆ ನಡೆದಿದ್ರೂ ಬೆಳಗ್ಗೆ ಆಗೋಷ್ಟರಲ್ಲಿ ಅದು ಇನ್ನೊಂದು ಅವಮಾನ ಅಂತ ಕಡತಕ್ಕೆ ಸೇರಿರುತ್ತೆ. ಸುಸ್ತಾಗಿ ಮಲಗಿರೋವಾಗ ತೀರ್ಪು ಕೊಡ್ಬೇಡಿ, "ಪೋಸ್ಟ್‌ಮಾರ್ಟಂ ನಡೀತಿದೆ" ಅಂತ ಗುರುತಿಸಿ ಎದ್ದು ಏನಾದ್ರೂ ಕೈಕೆಲಸ ಮಾಡಿ, ಪಾತ್ರೆನಾದ್ರೂ ತೊಳೀರಿ.

ಪಾಸಿಟಿವ್ ಆಗಿ ಯೋಚ್ನೆ ಮಾಡಿದ್ರೆ ಹೋಗಲ್ವಾ?

ಹೋಗಲ್ಲ. ಕನ್ನಡಿ ಮುಂದೆ ನಿಂತು ನಾನು ಸಿಂಹ ಅಂತ ಹೇಳ್ಕೊಂಡ್ರೆ ಒಳಗಿನದ್ದು ನಕ್ಕು ಸುಮ್ನಾಗುತ್ತೆ, ಯಾಕಂದ್ರೆ ಅದಕ್ಕೆ ಸಾಕ್ಷಿ ಬೇಕು, ಸ್ಲೋಗನ್ ಅಲ್ಲ.

ಹಾಗಾದ್ರೆ ಹಳೇದನ್ನೆಲ್ಲ ಕೆದಕಬೇಕಾ? ಅದು ನೆನೆಸ್ಕೊಂಡ್ರೇ ಮೈ ಉರಿಯುತ್ತೆ.

ಹೆಚ್ಚಿನೋರಿಗೆ ಬೇಕಾಗಲ್ಲ. ನಾನು ಜನಕ್ಕೆ ಪದೇ ಪದೇ ಹೇಳೋದು ಇದೊಂದೇ: ಶುರು ಮಾಡಿದ್ದು ಆಗಿನ ಘಟನೆ ಇರಬಹುದು, ಆದ್ರೆ ಇವತ್ತು ಅದಕ್ಕೆ ಅನ್ನ ಹಾಕ್ತಿರೋದು ಇವತ್ತಿನ ಅಭ್ಯಾಸಗಳು. ಆ ಮಂಡ್ಯ ಹುಡುಗ ಮೀಟಿಂಗಲ್ಲಿ ಕ್ಯಾಮೆರಾ ಆಫ್ ಇಡ್ತಾನೆ, ಹೇಳ್ಬೇಕಾದ್ದನ್ನ ಅಕ್ಷರ ಅಕ್ಷರ ಬರ್ಕೊಂಡು ಓದ್ತಾನೆ, ಆಗ್ದಿದ್ರೆ ನೆಟ್‌ವರ್ಕ್ ಸರಿ ಇಲ್ಲ ಅಂತ ಚಾಟಲ್ಲಿ ಟೈಪ್ ಮಾಡ್ತಾನೆ. ಮೀಟಿಂಗ್ ಸುಸೂತ್ರ ಮುಗಿಯುತ್ತೆ. ಆದ್ರೆ ಅವನ ಮನಸ್ಸು ಏನಂದ್ಕೊಳ್ಳುತ್ತೆ, "ಬರ್ಕೊಂಡಿದ್ದಕ್ಕೆ ಬಚಾವಾದೆ", ಅಂದ್ರೆ ಏಳನೇ ಕ್ಲಾಸಿನ ಪಾಠ ಸುಳ್ಳು ಅಂತ ಇವತ್ತೂ ಗೊತ್ತಾಗ್ಲೇ ಇಲ್ಲ. ಕ್ಲಾರ್ಕ್ ಅವ್ರ ಮಾದರೀಲಿ ಇವಕ್ಕೆ ಸೇಫ್ಟಿ ಬಿಹೇವಿಯರ್ ಅಂತ ಹೆಸರು, ಚಿಕಿತ್ಸೆ ಕೈ ಹಾಕೋದು ಮೊದಲು ಇಲ್ಲಿಗೇ.

ಹಳೇ ನೆನಪು ಚಿತ್ರದ ಹಾಗೆ ಬಂದು ಬಂದು ಕಾಡ್ತಿದ್ರೆ ಅದಕ್ಕೂ ದಾರಿ ಇದೆ, ಇಮೇಜರಿ ರಿಸ್ಕ್ರಿಪ್ಟಿಂಗ್ ಅಂತ. ಥೆರಪಿಸ್ಟ್ ಜೊತೆ ಕೂತು ಆ ಕ್ಲಾಸ್ ರೂಮಿಗೆ ಮನಸ್ಸಲ್ಲೇ ಮತ್ತೆ ಹೋಗೋದು, ಈ ಸಲ ಈಗಿನ ವಯಸ್ಸಿನ ನೀವೂ ಒಳಗೆ ಬರ್ತೀರಿ, ಆ ಹುಡುಗನ ಪಕ್ಕ ನಿಂತು ಮೇಷ್ಟ್ರಿಗೆ ಹೇಳ್ಬೇಕಾದ್ದನ್ನ ಹೇಳ್ತೀರಿ. ಕೇಳಕ್ಕೆ ನಾಟಕ ಅನ್ಸುತ್ತೆ, ಆದ್ರೆ ಇದ್ರಿಂದ ಆ ನೆನಪಿನ ಅರ್ಥ ಬದಲಾಗೋದು ಅಧ್ಯಯನಗಳಲ್ಲೂ ಕಂಡಿದೆ.

ಲೈಂಗಿಕ ದೌರ್ಜನ್ಯ, ವಿಪರೀತ ಹಿಂಸೆ, ಕೆಟ್ಟ ಕನಸು, ಘಟನೆ ಈಗ್ಲೇ ನಡೀತಿದೆ ಅನ್ನೋ ಹಾಗೆ ಅನುಭವ, ಇವು ಇದ್ರೆ ಲೆಕ್ಕ ಬೇರೆ, ಅದು ದೊಡ್ಡ ಆಘಾತದ ನಂತರ ಬರೋ ಕಾಯಿಲೆ ಪಿಟಿಎಸ್‌ಡಿ ಇರಬಹುದು. ಒಬ್ಬರೇ ಕೆದಕ್ಕೊಂಡು ಕೂರ್ಬೇಡಿ, ಟ್ರಾಮಾ ಚಿಕಿತ್ಸೆ ಗೊತ್ತಿರೋರ ಹತ್ರಾನೇ ಹೋಗಿ.

ಥೆರಪಿಗೆ ಹೋಗೋ ಮೊದ್ಲು ನಾನೇ ಏನಾದ್ರೂ ಶುರು ಮಾಡ್ಬಹುದಾ?

ಮಾಡ್ಬಹುದು, ಸಣ್ಣದ್ರಿಂದ. ದರ್ಶಿನಿಗೆ ಹೋಗಿ, ಇಡ್ಲಿ ತಗೊಳ್ಳಿ, ಎರಡನೇ ಸಲ ಹೋಗಿ ಇನ್ನೊಂಚೂರು ಚಟ್ನಿ ಕೇಳಿ. ಹೋಗೋ ಮೊದ್ಲು ಫೋನಲ್ಲಿ ಬರ್ಕೊಳ್ಳಿ, ಏನಾಗುತ್ತೆ ಅಂತ ನಿಮ್ಮ ತಲೆ ಹೇಳ್ತಿದೆ? "ಕೊಡೋನು ಸಿಡುಕ್ತಾನೆ, ಹಿಂದಿರೋರೆಲ್ಲ ನೋಡ್ತಾರೆ, ನಂಬಿಕೆ 80 ಪರ್ಸೆಂಟ್." ವಾಕ್ಯ ರಿಹರ್ಸಲ್ ಮಾಡ್ಬೇಡಿ, ಫೋನ್ ನೋಡ್ತಾ ಕೇಳ್ಬೇಡಿ. ಗಮನ ಹೊರಗಿಡಿ, ಅವನ ಕೈಲಿರೋ ಸೌಟು ನೋಡಿ, ಪಕ್ಕದೋರು ಏನ್ ತಿಂತಿದಾರೆ ನೋಡಿ. ವಾಪಸ್ ಬಂದು ಏನಾಯ್ತು ಅಂತ ಅದ್ರ ಕೆಳಗೇ ಬರೀರಿ. ಅವ್ನು ನಿಜಕ್ಕೂ ಸಿಡುಕಿದ್ರೆ? ಸಿಡುಕ್ತಾರೆ, ಬೆಳಗ್ಗೆ ಒಂಬತ್ತು ಗಂಟೆ ರಷ್ಷಲ್ಲಿ ಎಲ್ರ ಮೇಲೂ ಸಿಡುಕ್ತಾರೆ, ಆಗ ಬರ್ಕೊಳ್ಬೇಕಾದ್ದು "ಸಿಡುಕಿದ, ಚಟ್ನಿ ಹಾಕ್ದ, ನಾನು ತಿಂದೆ". ಈ ಸಾಲು ನಂಗೆ ಯಾವ ಮೋಟಿವೇಷನ್ ವಿಡಿಯೋಗಿಂತ ಹೆಚ್ಚು ಕೆಲಸ ಮಾಡ್ತು.

ಭಯ ಪೂರ್ತಿ ಹೋದ್ಮೇಲೆ ಮಾಡ್ತೀನಿ ಅಂತ ಕಾಯ್ಬೇಡಿ ಮಾತ್ರ. ಸಿಬಿಟಿ ಅಂತ ಕರೆಯೋ, ಯೋಚನೆ ಮತ್ತೆ ನಡವಳಿಕೆ ಎರಡನ್ನೂ ತಿದ್ದೋ ಚಿಕಿತ್ಸೆಯ ಹೆಚ್ಚಿನ ಭಾಗ ಇಂಥ ಪ್ರಯೋಗಗಳೇ. 2013ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ಕೊಟ್ಟ ಮಾರ್ಗಸೂಚೀಲೂ ದೊಡ್ಡೋರ ಸೋಶಿಯಲ್ ಆಂಗ್ಸೈಟಿಗೆ ಮೊದಲ ಆಯ್ಕೆ ಅದೇ.

ಅಪ್ಪ ಅಮ್ಮಂಗೆ "ನಿಮ್ಮಿಂದಾನೇ ಹೀಗಾಯ್ತು" ಅಂತ ಹೇಳ್ಬೇಕಾ?

ನಿಮ್ಮಿಷ್ಟ. ನನ್ನ ಅಭಿಪ್ರಾಯ ಕೇಳಿದ್ರೆ, ಅವ್ರು ಒಪ್ಕೊಂಡ್ರೆ ಮಾತ್ರ ನಾನು ಸರಿ ಹೋಗ್ತೀನಿ ಅನ್ನೋ ಹಾಗೆ ಹೋಗ್ಬೇಡಿ, ಯಾಕಂದ್ರೆ ಹತ್ತರಲ್ಲಿ ಎಂಟು ಮನೇಲಿ ಉತ್ತರ "ನಿನಗೋಸ್ಕರ ಎಷ್ಟು ಕಷ್ಟಪಟ್ವಿ, ಈಗ ಇದಾ ಕೊಡೋ ಬಹುಮಾನ" ಅಂತಾನೇ ಬರೋದು, ಅದು ಇನ್ನೊಂದು ಪೆಟ್ಟು. ಅವ್ರನ್ನ ಬೆಳೆಸಿದೋರು ಅವ್ರಿಗಿಂತ ಕಠಿಣ ಇದ್ರು ಅನ್ನೋದು ನಿಜ, ಅದ್ರಿಂದ ನಿಮ್ಮ ನೋವು ಸುಳ್ಳಾಗಲ್ಲ ಅನ್ನೋದೂ ನಿಜ. ಹೇಳೋದಿದ್ರೆ ಹಳೇ ಲೆಕ್ಕಕ್ಕಿಂತ ಇವತ್ತಿನ ಒಂದು ವಿಷ್ಯ ಕೇಳಿ: "ಅಮ್ಮ, ನೆಂಟರ ಮುಂದೆ ನನ್ನ ಮೂಗ ಅನ್ಬೇಡ." ಇದು ಕೊಡೋಕೆ ಅವ್ರಿಗೂ ಸುಲಭ.

ಮಾತ್ರೆ ತಗೊಂಡ್ರೆ ಅಡಿಕ್ಟ್ ಆಗ್ತೀವಾ?

ಇದಕ್ಕೆ ಸಾಮಾನ್ಯವಾಗಿ ಕೊಡೋ ಎಸ್‌ಎಸ್‌ಆರ್‌ಐ ಮಾತ್ರೆಗಳಿಗೆ, ಅಂದ್ರೆ ಎಸಿಟಲೋಪ್ರಾಮ್, ಸರ್ಟ್ರಲೈನ್ ಥರದ್ದಕ್ಕೆ, ಆ ರೀತಿ ಚಟ ಹತ್ತಲ್ಲ, ಆದ್ರೆ ಕೆಲಸ ಮಾಡೋಕೆ ಕೆಲವು ವಾರ ಬೇಕು, ನಿಲ್ಲಿಸೋದು ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ. ಚಟ ಹತ್ತೋದು ಆಲ್‌ಪ್ರಾಜೊಲಾಮ್ ಥರದ್ದು, ಫ್ರೆಂಡ್ ಕೊಟ್ಟ ಅಂತ ನುಂಗ್ಬೇಡಿ. ಸ್ಟೇಜ್ ನಡುಕಕ್ಕೆ ಪ್ರೊಪ್ರನೊಲಾಲ್ ಒಳ್ಳೇದಂತೆ ಅಂತ ಕೇಳೋರು ಬಹಳ, ಆಸ್ತಮಾ ಇದ್ದೋರಿಗೆ ಅದು ಅಪಾಯ, ಚೀಟಿ ಇಲ್ದೆ ಬೇಡ. ಎರಡು ಪೆಗ್ ಹಾಕಿದ್ರೆ ಮಾತು ಸಲೀಸು ಅನ್ನೋದೂ ಒಂದು ಸೇಫ್ಟಿ ಬಿಹೇವಿಯರ್ರೇ, ದುಬಾರಿದು.

ನನ್ನ ಮಗನೂ ಹೀಗೇ ಆಗ್ತಿದಾನೆ ಅನ್ಸುತ್ತೆ. ಏನ್ ಮಾಡ್ಲಿ?

ಇದು ಹೆಚ್ಚಾಗಿ ಶುರು ಆಗೋದೇ 8ರಿಂದ 15 ವಯಸ್ಸಿನ ಮಧ್ಯೆ, ಅದ್ರಿಂದ ಈಗ ಗಮನಿಸಿದ್ದು ಒಳ್ಳೇದಾಯ್ತು. ಯಾರಾದ್ರೂ ಅವ್ನನ್ನ ಕೇಳಿದಾಗ ನೀವು ಉತ್ತರ ಕೊಡ್ಬೇಡಿ, ಐದು ಸೆಕೆಂಡ್ ಕಾಯಿರಿ. ಬಂದೋರ ಮುಂದೆ "ಆಂಟಿಗೆ ಒಂದು ಹಾಡು ಹೇಳು ಪುಟ್ಟಾ" ಅಂತ ಎಳೆದು ನಿಲ್ಲಿಸೋದೂ ಬೇಡ, ಅವ್ನು ಬಚ್ಚಿಟ್ಕೊಂಡ್ರೆ ಹೋಗ್ಲಿ ಬಿಡು ಅಂತ ಪೂರ್ತಿ ಬಿಡೋದೂ ಬೇಡ. ಅಂಗಡಿಗೆ ಕಳಿಸಿ ಕೊತ್ತಂಬರಿ ಸೊಪ್ಪು ತರ್ಸಿ. ಸ್ಕೂಲಲ್ಲಿ ಏನಾದ್ರೂ ನಡೀತಿದ್ಯಾ ಅಂತ ತಿಳ್ಕೊಳ್ಳಿ, ಟೀಚರ್ ಕಡೆಯಿಂದ್ಲೇ ಆಗ್ತಿದ್ರೆ ಹೆಡ್‌ಮಾಸ್ಟ್ರಿಗೆ ಬರಹದಲ್ಲಿ ದೂರು ಕೊಡಿ. ಗಂಭೀರ ಅನ್ಸಿದ್ರೆ ಮಕ್ಕಳ ಸಹಾಯವಾಣಿ 1098 ಇದೆ.

ಎಲ್ಲಿ ಹೋಗ್ಬೇಕು? ನಮ್ಮೂರಲ್ಲಿ ಸೈಕಾಲಜಿಸ್ಟ್ ಯಾರೂ ಇಲ್ಲ.

ಬೆಂಗಳೂರಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್, ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೂ ಮಂಗಳವಾರ ಮನೋವೈದ್ಯರು ಬರೋ ವ್ಯವಸ್ಥೆ ಇದೆ, ಹೋಗೋ ಮೊದ್ಲು ಆ ವಾರ ಬರ್ತಾರಾ ಕೇಳ್ಕೊಳ್ಳಿ. ಎಲ್ಲಿಗೂ ಹೋಗೋಕಾಗಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416, 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು. ಸಾಯೋ ಯೋಚನೆ ಬರ್ತಿದ್ರೆ ಇದನ್ನ ಓದ್ತಾ ಕೂರ್ಬೇಡಿ, ಈಗ್ಲೇ ಈ ನಂಬರಿಗೆ ಫೋನ್ ಮಾಡಿ, ಪಕ್ಕದಲ್ಲಿರೋರಿಗೂ ಹೇಳಿ.

ಫೋನ್ ಮಾಡೋಕೇ ಭಯ ಕಣ್ರೀ. ಅದೇ ಅಲ್ವಾ ನನ್ನ ಕಾಯಿಲೆ?

ಹೌದು, ಈ ಪ್ರಶ್ನೆ ಎಲ್ರೂ ಕೇಳ್ತಾರೆ. ಮೇಲೆ ಬರ್ಕೊಂಡು ಓದ್ಬೇಡಿ ಅಂದಿದ್ದೆ, ಈ ಒಂದು ಕಾಲಿಗೆ ಮಾಫಿ. ಚೀಟೀಲಿ ಬರ್ಕೊಳ್ಳಿ: "ನಮಸ್ಕಾರ, ನಂಗೆ ಜನರ ಹತ್ರ ಮಾತಾಡೋಕೆ ತುಂಬಾ ಭಯ ಆಗುತ್ತೆ. ಫೋನಲ್ಲೂ ಆಗುತ್ತೆ, ಅದಕ್ಕೇ ಓದಿ ಹೇಳ್ತಿದೀನಿ. ಸ್ಕೂಲಿಂದ್ಲೂ ಹೀಗೇ ಇದೆ. ನಮ್ಮೂರ ಹತ್ರ ಯಾರನ್ನ ನೋಡ್ಬೇಕು ಹೇಳ್ತೀರಾ?" ಧ್ವನಿ ನಡುಗಿದ್ರೆ ನಡುಗ್ಲಿ, ಆ ಕಡೆ ಕೂತಿರೋರಿಗೆ ಅದು ದಿನನಿತ್ಯದ ವಿಷ್ಯ. ಮಧ್ಯದಲ್ಲಿ ಕಟ್ ಮಾಡ್ಬಿಟ್ರೆ ಮತ್ತೆ ಮಾಡಿ.